ಹೋಂಸ್ಕೂಲಿಂಗ್‌ಗೆ ವಿಜ್ಞಾನದ ಕಿಟ್: ಯಾವುದನ್ನು ಕೊಳ್ಳಬೇಕು, ಯಾವುದನ್ನು ಬಿಡಬೇಕು?

ಪ್ರಶ್ನೆ: 11 ಮತ್ತು 14 ವರ್ಷದ ನಮ್ಮ ಇಬ್ಬರು ಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದೇವೆ. ಭಾಷೆ, ಗಣಿತ ಚೆನ್ನಾಗಿ ಸಾಗಿವೆ. ವಿಜ್ಞಾನದಲ್ಲಿ ಮಾತ್ರ ಓದುವುದಷ್ಟೇ ಆಗುತ್ತಿದೆ, ಪ್ರಯೋಗಗಳು ಹಿಂದೆ ಬಿದ್ದಿವೆ. ಭೌತ, ರಸಾಯನ, ಜೀವವಿಜ್ಞಾನ ಮೂರೂ ಒಂದೇ ಪೆಟ್ಟಿಗೆಯಲ್ಲಿರುವ, ‘120 ಪ್ರಯೋಗಗಳು’ ಎಂದು ಬರೆದಿರುವ ಕಿಟ್ ಒಂದನ್ನು ನೋಡಿಟ್ಟಿದ್ದೇವೆ. 1200 ಪಟ್ಟು ದೊಡ್ಡದಾಗಿ ತೋರಿಸುವ ಸೂಕ್ಷ್ಮದರ್ಶಕವೂ ಅದರಲ್ಲಿದೆಯಂತೆ. ಬೆಲೆ ಕಡಿಮೆಯೇನಲ್ಲ. ಕೊಳ್ಳಬಹುದೇ? ಬೇಡವೆಂದರೆ ಬೇರೆ ದಾರಿ ಏನು?

ಉತ್ತರ: ಆ ಪೆಟ್ಟಿಗೆ ಬೇಡ. ಭೌತವಿಜ್ಞಾನಕ್ಕೆ ಬಿಡಿ ಸಾಮಾನು ಸಾಕು. ಜೀವವಿಜ್ಞಾನಕ್ಕೆ ಒಂದು ಒಳ್ಳೆಯ ಸೂಕ್ಷ್ಮದರ್ಶಕ ಬೇಕು, ಅದನ್ನು ಬೇರೆಯಾಗಿಯೇ ಕೊಳ್ಳಬೇಕು. ರಸಾಯನವಿಜ್ಞಾನಕ್ಕೆ ಮಾತ್ರ ಕಿಟ್ ಕೊಳ್ಳುವುದು ಸರಿ. ಅದೂ ದೊಡ್ಡ ಮಗುವಿಗೆ, ಒಳಗಿನ ಸಾಮಾನಿನ ಪ್ರಮಾಣವನ್ನು ಒಂದೊಂದಾಗಿ ನೋಡಿದ ಮೇಲೆ.

ಮೊದಲು ಆ ‘120’ರ ಬಗ್ಗೆ. ಲಿಟ್ಮಸ್ ಕಾಗದವನ್ನು ವಿನೆಗರ್‌ನಲ್ಲಿ ಅದ್ದುವುದು ಒಂದು, ನಿಂಬೆರಸದಲ್ಲಿ ಅದ್ದುವುದು ಇನ್ನೊಂದು, ಸಾಬೂನು ನೀರಿನಲ್ಲಿ ಅದ್ದುವುದು ಮತ್ತೊಂದು ಎಂದು ಎಣಿಸಿದರೆ ಸಂಖ್ಯೆ ಬೇಗ ಏರುತ್ತದೆ. ನಿಮಗೆ ಬೇಕಾದ ಪಟ್ಟಿ ಕಿಟ್‌ನ ಮುಚ್ಚಳದ ಮೇಲಿಲ್ಲ, ಮಕ್ಕಳ ಪಠ್ಯಪುಸ್ತಕದಲ್ಲಿದೆ. ಈ ವರ್ಷದ ಪಾಠಗಳಲ್ಲಿ ಬರುವ ಪ್ರಯೋಗಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆಯಿರಿ. ಪ್ರತಿಯೊಂದರ ಮುಂದೆ ಏನನ್ನು ಅಳೆಯಬೇಕು, ಯಾವ ಸಾಮಾನು ಬೇಕು, ಎಷ್ಟು ಬೇಕು, ಎಷ್ಟು ಸಲ ಮಾಡಬೇಕು ಎಂಬ ನಾಲ್ಕು ಕಲಂ ಹಾಕಿ. ಮನೆಯಲ್ಲೇ ಇರುವ ವಸ್ತುಗಳಿಂದ ಆಗುವುದನ್ನು ಹೊಡೆದುಹಾಕಿ. ಉಳಿದದ್ದನ್ನು ಕಿಟ್‌ನ ಸಾಮಾನು ಪಟ್ಟಿಯ ಪಕ್ಕದಲ್ಲಿಟ್ಟು ಹೋಲಿಸಿ. ಪಟ್ಟಿ ಕೇಳಿದರೆ ಕೊಡದ ಮಾರಾಟಗಾರರಿದ್ದರೆ ಮಾತು ಅಲ್ಲಿಗೇ ಮುಗಿಸಿ. ಬೆಲೆಯನ್ನು 120ರಿಂದ ಭಾಗಿಸಬೇಡಿ. ನೀವು ನಿಜವಾಗಿ ಮಾಡುವ, ಆ ಕಿಟ್ ಇಲ್ಲದೆ ಮಾಡಲಾಗದ ಪ್ರಯೋಗಗಳು ಎಷ್ಟಿವೆಯೋ ಅಷ್ಟರಿಂದ ಭಾಗಿಸಿ. ಒಂದು ಪ್ರಯೋಗಕ್ಕೆ ಎಷ್ಟು ಬೀಳುತ್ತದೆ ಎಂಬುದು ಆಗಲೇ ಗೊತ್ತಾಗುವುದು.

ರಸಾಯನವಿಜ್ಞಾನಕ್ಕೆ ಕಿಟ್ ಏಕೆ ಸರಿ ಎಂದರೆ, ಬಿಡಿಯಾಗಿ ಕೊಂಡರೆ ರಾಸಾಯನಿಕಗಳು ಸಾಮಾನ್ಯವಾಗಿ 100 ಅಥವಾ 500 ಗ್ರಾಂ ಬಾಟಲಿಯಲ್ಲಿ ಬರುತ್ತವೆ. ನಿಮಗೆ ಬೇಕಾದದ್ದು 2 ಗ್ರಾಂ. ಉಳಿದದ್ದನ್ನು ವರ್ಷಗಟ್ಟಲೆ ಭದ್ರವಾಗಿ ಇಡುವ, ಕೊನೆಗೆ ಸರಿಯಾಗಿ ವಿಲೇವಾರಿ ಮಾಡುವ ಹೊಣೆ ನಿಮ್ಮ ಮೇಲೆ ಬೀಳುತ್ತದೆ. ಕಡಿಮೆ ಪ್ರಮಾಣ, ಮೊದಲೇ ತೆಳುಗೊಳಿಸಿದ ದ್ರಾವಣ, ಸ್ಪಷ್ಟ ಲೇಬಲ್: ಒಳ್ಳೆಯ ಕಿಟ್‌ಗೆ ನೀವು ಹಣ ಕೊಡುವುದು ಈ ಮೂರಕ್ಕೆ. ಬೀಕರ್, ಪ್ರನಾಳಗಳು ಎಲ್ಲಾದರೂ ಸಿಗುತ್ತವೆ.

ಆದರೆ ಪ್ರಮಾಣ ತೀರಾ ಕಡಿಮೆಯಾದರೂ ಕಷ್ಟ. ಟೈಟ್ರೇಷನ್, ಅಂದರೆ ಒಂದು ದ್ರಾವಣವನ್ನು ಹನಿಹನಿಯಾಗಿ ಬೆರೆಸಿ ಇನ್ನೊಂದರ ಸಾಂದ್ರತೆ ಕಂಡುಹಿಡಿಯುವ ಪ್ರಯೋಗದ ಉದಾಹರಣೆ ತೆಗೆದುಕೊಳ್ಳಿ. ಪ್ರತಿ ಸಲ 25 ಮಿ.ಲೀ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಖರ್ಚಾಗುತ್ತದೆ ಎಂದಿಟ್ಟುಕೊಳ್ಳಿ. ಅಂದಾಜಿಗೆ ಒಂದು ಸಲ, ಒಂದಕ್ಕೊಂದು ಹೊಂದುವ ಮೂರು ಓದಿಗೆ ಮೂರು ಸಲ, ಒಟ್ಟು 100 ಮಿ.ಲೀ. ಬ್ಯುರೆಟ್ (ತಳದಲ್ಲಿ ನಲ್ಲಿ ಇರುವ ಅಳತೆಯ ಕೊಳವೆ) ತೊಳೆಯಲು ಇನ್ನೊಂದು 20 ಮಿ.ಲೀ. ಕಿಟ್‌ನಲ್ಲಿ 30 ಮಿ.ಲೀ. ಬಾಟಲಿ ಇದ್ದರೆ ಆ ಪ್ರಯೋಗ ಹೆಸರಿಗೆ ಮಾತ್ರ ಇದೆ ಎಂದರ್ಥ. ಚಿಕ್ಕ ಬ್ಯುರೆಟ್ ಬಳಸಿ ಪ್ರತಿ ಸಲ 10 ಮಿ.ಲೀ.ಗೆ ಇಳಿಸಿದರೂ ತೊಳೆಯುವುದು ಸೇರಿ 60 ಮಿ.ಲೀ. ಬೇಕು. ಮೈಲುತುತ್ತದ್ದೂ (ತಾಮ್ರದ ಸಲ್ಫೇಟ್) ಹೀಗೆಯೇ. ಕಬ್ಬಿಣದ ಮೊಳೆಯ ಮೇಲೆ ತಾಮ್ರ ಕೂರುವುದನ್ನು ನೋಡಲು 50 ಮಿ.ಲೀ. ನೀರಿಗೆ 2 ಗ್ರಾಂ ಸಾಕು. ಹರಳು ಬೆಳೆಸಬೇಕೆಂದರೆ ಲೆಕ್ಕವೇ ಬೇರೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಮಿ.ಲೀ. ನೀರನ್ನು ಪರ್ಯಾಪ್ತಗೊಳಿಸಲು, ಅಂದರೆ ಇನ್ನು ಕರಗದು ಎನ್ನುವಷ್ಟು ಕರಗಿಸಲು, ಸುಮಾರು 32 ಗ್ರಾಂ ನೀಲಿ ಹರಳು ಹಿಡಿಯುತ್ತದೆ. 5 ಗ್ರಾಂ ಪೊಟ್ಟಣ ಕೊಟ್ಟು ‘ದೊಡ್ಡ ಹರಳು ಬೆಳೆಸಿ’ ಎನ್ನುವ ಕೈಪಿಡಿಯನ್ನು ಬರೆದವರು ಅದನ್ನು ಮಾಡಿ ನೋಡಿಲ್ಲ.

ಇದಕ್ಕೆ ತದ್ವಿರುದ್ಧವಾದ ಎಡವಟ್ಟು ಅನಿಲ ಸಂಗ್ರಹದಲ್ಲಿ ಆಗುತ್ತದೆ. 1 ಗ್ರಾಂ ಕ್ಯಾಲ್ಸಿಯಂ ಕಾರ್ಬೊನೇಟ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಪೂರ್ತಿ ಕರಗಿದರೆ ಕೋಣೆಯ ತಾಪದಲ್ಲಿ ಸುಮಾರು 240 ಮಿ.ಲೀ. ಇಂಗಾಲದ ಡೈಆಕ್ಸೈಡ್ ಬರುತ್ತದೆ. ಕಿಟ್‌ನಲ್ಲಿರುವ 100 ಮಿ.ಲೀ. ಸಿರಿಂಜ್ ತುಂಬಿ ಅದರ ದಂಡ ಹೊರಗೆ ಚಿಮ್ಮುತ್ತದೆ, ಇಲ್ಲವೇ ಬಿರಡೆ ಹಾರುತ್ತದೆ. 0.3 ಗ್ರಾಂ ಹಾಕಿದರೆ ಸುಮಾರು 72 ಮಿ.ಲೀ., ಸಿರಿಂಜ್‌ನೊಳಗೇ ನಿಲ್ಲುತ್ತದೆ. ಮೆಗ್ನೀಸಿಯಂ ಪಟ್ಟಿಯಲ್ಲಿ ತೂಕದ್ದೇ ತೊಂದರೆ. ಸಾಮಾನ್ಯವಾಗಿ ಸಿಗುವ ಪಟ್ಟಿ 1 ಮೀಟರ್‌ಗೆ ಸುಮಾರು 1 ಗ್ರಾಂ ತೂಗುತ್ತದೆ. ಹಾಗಾಗಿ 3 ಸೆಂ.ಮೀ. ತುಂಡು ಬರೀ 0.03 ಗ್ರಾಂ, ಅದರಿಂದ ಬರುವ ಹೈಡ್ರೋಜನ್ ಸುಮಾರು 30 ಮಿ.ಲೀ. ಅಷ್ಟು ಚಿಕ್ಕ ತುಂಡನ್ನು ಮನೆಯ ತಕ್ಕಡಿ ಹಿಡಿಯುವುದಿಲ್ಲ. 50 ಸೆಂ.ಮೀ. ಪಟ್ಟಿಯನ್ನು ಒಟ್ಟಿಗೆ ತೂಗಿ, ಸೆಂಟಿಮೀಟರ್‌ಗೆ ಎಷ್ಟೆಂದು ಭಾಗಿಸಿ, ಆಮೇಲೆ ಉದ್ದ ಅಳೆದು ಕತ್ತರಿಸಬೇಕು. ಇಂಥ ಮಾತನ್ನು ಹೇಳಿಕೊಡುವ ಕೈಪಿಡಿ ಇದ್ದರೆ ಆ ಕಿಟ್ ಒಳ್ಳೆಯದೆಂದು ಧೈರ್ಯವಾಗಿ ನಂಬಬಹುದು.

ಕೆಲವು ರಾಸಾಯನಿಕಗಳು ಬಾಟಲಿಯಲ್ಲೇ ಕೆಡುತ್ತವೆ. 3 ಪ್ರತಿಶತ ಹೈಡ್ರೋಜನ್ ಪೆರಾಕ್ಸೈಡ್ ನಿಧಾನವಾಗಿ ನೀರು ಮತ್ತು ಆಮ್ಲಜನಕವಾಗಿ ಒಡೆಯುತ್ತದೆ, ಹಳತಾದರೆ ನೊರೆಯೇ ಬರುವುದಿಲ್ಲ. ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಶಕ್ತಿ ಕಳೆದುಕೊಳ್ಳುತ್ತದೆ, ಗಾಜಿನ ಬಿರಡೆಯನ್ನು ಬಾಟಲಿಗೆ ಅಂಟಿಸಿಬಿಡುತ್ತದೆ. ಅದು ಪ್ಲಾಸ್ಟಿಕ್ ಬಾಟಲಿಯಲ್ಲೇ ಇರಬೇಕು. ಸುಣ್ಣದ ತಿಳಿನೀರು ಎಷ್ಟೋ ಸಲ ಕಿಟ್ ತೆರೆಯುವ ಹೊತ್ತಿಗೇ ಬೆಳ್ಳಗಾಗಿರುತ್ತದೆ. ಇದನ್ನಂತೂ ಮನೆಯಲ್ಲೇ ಮಾಡಿಕೊಳ್ಳಿ: 1 ಲೀಟರ್ ನೀರಿಗೆ 2 ಗ್ರಾಂ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಹಾಕಿ ಕಲಕಿ, ಮುಚ್ಚಿ, ರಾತ್ರಿಯಿಡೀ ಬಿಟ್ಟು, ಮೇಲಿನ ತಿಳಿಯನ್ನು ಬಗ್ಗಿಸಿಕೊಳ್ಳಿ. ಲೀಟರ್‌ಗೆ ಸುಮಾರು 1.7 ಗ್ರಾಂ ಮಾತ್ರ ಕರಗುವುದರಿಂದ ತಳದಲ್ಲಿ ಸ್ವಲ್ಪ ಉಳಿಯುವುದು ಸಹಜ. ತಿಳಿನೀರೂ ಕ್ಷಾರವೇ, ಸುರಕ್ಷತಾ ಕನ್ನಡಕವಿಲ್ಲದೆ ಮಾಡಬೇಡಿ. ರಾಸಾಯನಿಕಗಳು ಹೀಗೆ ಕೆಡುವುದರಿಂದಲೇ, ಮುಂದಿನ ಮೂರು ವರ್ಷಕ್ಕೂ ಆಗುತ್ತದೆ ಎಂದು ದೊಡ್ಡ ರಸಾಯನ ಕಿಟ್ ಕೊಳ್ಳಬೇಡಿ. ಆ ವರ್ಷದ್ದು ಆ ವರ್ಷಕ್ಕೆ, ಪಾಠ ಹತ್ತಿರ ಬಂದಾಗ ತರಿಸಿ. ಖಾಲಿಯಾದ ರಾಸಾಯನಿಕವನ್ನು ಮಾತ್ರ ಬೇರೆಯಾಗಿ ಮಾರುತ್ತಾರೆಯೇ ಎಂದು ಮೊದಲೇ ಕೇಳಿ. ಇಬ್ಬರು ಮಕ್ಕಳಿರುವ ಮನೆಗೆ ಇದು ಮುಖ್ಯ.

ಯಾವ ಕಿಟ್ ಬೇಡವೇ ಬೇಡ ಎಂಬುದಕ್ಕೂ ಗುರುತುಗಳಿವೆ. ಬಾಟಲಿಯ ಮೇಲೆ ‘ಪುಡಿ ಅ’, ‘ಮ್ಯಾಜಿಕ್ ದ್ರವ’ ಎಂದಿದ್ದರೆ ಹಿಂದಿರುಗಿಸಿ. ಮಗುವಿನ ಕಣ್ಣಿಗೆ ಅದು ಸಿಡಿದರೆ ವೈದ್ಯರಿಗೆ ಏನೆಂದು ಹೇಳುತ್ತೀರಿ? ರಾಸಾಯನಿಕದ ಹೆಸರು, ಸಾಂದ್ರತೆ, ಅಪಾಯದ ಚಿಹ್ನೆ, ತಯಾರಾದ ದಿನಾಂಕ ನಾಲ್ಕೂ ಇರಬೇಕು. ಪ್ರತಿ ರಾಸಾಯನಿಕದ ಸುರಕ್ಷತಾ ಮಾಹಿತಿ ಪತ್ರವೂ ಸಿಗಬೇಕು. ಮಕ್ಕಳ ರಸಾಯನ ಕಿಟ್‌ಗಳಿಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 71-4. ಪೆಟ್ಟಿಗೆಯ ಮೇಲೆ ಅದು ಕಂಡರೆ ಒಂದು ಮಟ್ಟದ ಭರವಸೆ. ಸೀಸದ ನೈಟ್ರೇಟ್, ಪೊಟ್ಯಾಸಿಯಂ ಡೈಕ್ರೊಮೇಟ್, ಪಾದರಸದ ಯಾವುದೇ ಲವಣ, ಸೋಡಿಯಂ ಹೈಡ್ರಾಕ್ಸೈಡ್‌ನ ಗಟ್ಟಿ ಗುಳಿಗೆಗಳು, ತೆಳುಗೊಳಿಸದ ಸಾಂದ್ರ ಆಮ್ಲ ಇರುವ ಕಿಟ್ ಮನೆಗೆ ಬರಬಾರದು. ಸೀಸದ ಅಯೋಡೈಡ್‌ನ ಹೊಂಬಣ್ಣದ ಪ್ರಕ್ಷೇಪ (ದ್ರಾವಣದಿಂದ ಬೇರ್ಪಟ್ಟು ತಳಕ್ಕಿಳಿಯುವ ಘನ) ಸುಂದರ, ನಿಜ. ಆದರೆ ಪ್ರಕ್ಷೇಪ ಎಂದರೇನು ಎಂದು ತೋರಿಸಲು ಸೀಸ ಬೇಕಿಲ್ಲ. ಮೈಲುತುತ್ತದ ದ್ರಾವಣಕ್ಕೆ ವಾಷಿಂಗ್ ಸೋಡಾ ದ್ರಾವಣ ಹಾಕಿದರೆ ನೀಲಿ-ಹಸಿರು ಪ್ರಕ್ಷೇಪ ಕಣ್ಣೆದುರೇ ಕೂರುತ್ತದೆ. ಪಾದರಸದ ಉಷ್ಣಮಾಪಕವೂ ಬೇಡ, ಮೈನಸ್ 10ರಿಂದ 110 ಡಿಗ್ರಿವರೆಗಿನ ಆಲ್ಕೋಹಾಲ್ ಉಷ್ಣಮಾಪಕ ಎಲ್ಲಕ್ಕೂ ಆಗುತ್ತದೆ.

ಕೈಪಿಡಿಯನ್ನು ಕೊಳ್ಳುವ ಮೊದಲೇ ತರಿಸಿ ಓದಿ. ಅದರಲ್ಲಿ ವಿದ್ಯುದ್ವಿಭಜನೆಯ, ಅಂದರೆ ವಿದ್ಯುತ್ ಹರಿಸಿ ದ್ರಾವಣವನ್ನು ಒಡೆಯುವ ಪ್ರಯೋಗದ ಪುಟ ತೆಗೆದು ನೋಡಿ. ‘ನೀರಿಗೆ ಉಪ್ಪು ಹಾಕಿ 9 ವೋಲ್ಟ್ ಬ್ಯಾಟರಿ ಜೋಡಿಸಿ’ ಎಂದಿದ್ದರೆ ಎಚ್ಚರ: ಉಪ್ಪುನೀರಿನಿಂದ ಧನಾಗ್ರದಲ್ಲಿ ಕ್ಲೋರಿನ್ ಹೊರಡುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಕೆಮ್ಮು ಹತ್ತಿಸುವ ವಿಷಾನಿಲ. ಸೋಡಿಯಂ ಸಲ್ಫೇಟ್ ಅಥವಾ ಮೆಗ್ನೀಸಿಯಂ ಸಲ್ಫೇಟ್ ಬಳಸಿದರೆ ಹೈಡ್ರೋಜನ್ ಮತ್ತು ಆಮ್ಲಜನಕ ಮಾತ್ರ ಬರುತ್ತವೆ. ವಿದ್ಯುದಾಗ್ರಕ್ಕೆ ಪೆನ್ಸಿಲ್ಲಿನ ಗ್ರಾಫೈಟ್ ಸಾಕು. ಸ್ಟೇನ್‌ಲೆಸ್ ಸ್ಟೀಲ್ ಚಮಚ ಬೇಡ, ಅದರಿಂದ ಕ್ರೋಮಿಯಂ ಬಿಡುತ್ತದೆ. ಇನ್ನೊಂದು ವಿಷಯ: ಫಲಿತಾಂಶವನ್ನು ಮೊದಲೇ ಅಚ್ಚು ಹಾಕಿರುವ ಕೈಪಿಡಿಗಿಂತ, ಏನಾಗಬಹುದೆಂದು ಬರೆಯಲು ಖಾಲಿ ಜಾಗ ಬಿಟ್ಟಿರುವುದು ಮೇಲು. ದ್ರಾವಣ ಗುಲಾಬಿಯಾಗುತ್ತದೆ ಎಂದು ಗೊತ್ತಿದ್ದ ಮಗು ಗುಲಾಬಿಯಾಗುವುದನ್ನೇ ಕಾಯುತ್ತದೆ, ಗಮನಿಸುವುದಿಲ್ಲ.

ಕಾಯಿಸುವ ವಿಚಾರ. ಸ್ಪಿರಿಟ್ ದೀಪದ ಜ್ವಾಲೆ ಬೆಳಕಿನಲ್ಲಿ ಸರಿಯಾಗಿ ಕಾಣುವುದಿಲ್ಲ. ಆರಿದೆ ಎಂದುಕೊಂಡು ಸ್ಪಿರಿಟ್ ಸುರಿಯಲು ಹೋದಾಗಲೇ ದೊಡ್ಡ ಅನಾಹುತಗಳು ಆಗುವುದು. ಮುಚ್ಚಳ ಹಾಕಿ ಆರಿಸಿ, ಪೂರ್ತಿ ತಣ್ಣಗಾದ ಮೇಲಷ್ಟೇ, ಬಾಟಲಿಯನ್ನು ಬೇರೆ ಕೋಣೆಯಿಂದ ತಂದು ತುಂಬಬೇಕು. ಈ ಹಂತದ ಹಲವು ಪ್ರಯೋಗಗಳಿಗೆ ಬಿಸಿನೀರಿನ ಪಾತ್ರೆಯೊಳಗೆ ಪ್ರನಾಳ ಇಟ್ಟರೆ ಸಾಕಾಗುತ್ತದೆ, ಆಗುವಲ್ಲೆಲ್ಲ ಹಾಗೇ ಮಾಡಿ. ನೇರ ಜ್ವಾಲೆಗೆ ಹಿಡಿಯುವ ಪ್ರನಾಳ ಬೋರೋಸಿಲಿಕೇಟ್ ಗಾಜಿನದೇ ಆಗಿರಬೇಕು. ಸಾಧಾರಣ ಗಾಜು ಬಿಸಿಗೆ ಅದರ ಎರಡು ಮೂರು ಪಟ್ಟು ಹಿಗ್ಗುವುದರಿಂದ ಬಿರಿಯುತ್ತದೆ. ಪ್ರನಾಳದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ತುಂಬಬಾರದು, ಹೊರಮೈ ಒರೆಸಿ ಒಣಗಿಸಬೇಕು, ಬಾಯಿ ಯಾರ ಕಡೆಗೂ ತಿರುಗಿರಬಾರದು.

ಕನ್ನಡಕವನ್ನು ಕಿಟ್‌ಗೇ ಬಿಡಬೇಡಿ. ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದೇ ಇರುತ್ತದೆ, ನಿಮಗೆ ಮೂರು ಬೇಕು: ಇಬ್ಬರು ಮಕ್ಕಳಿಗೆ, ಪಕ್ಕದಲ್ಲಿ ನಿಲ್ಲುವ ದೊಡ್ಡವರಿಗೆ. ಮುಖಕ್ಕೆ ಸುತ್ತ ಒತ್ತಿ ಕೂರುವ, ಗಾಳಿಕಿಂಡಿಗೆ ಮರೆ ಇರುವ, ದ್ರವ ಒಳಬರದ ಬಗೆಯದು ಬೇಕು. ಬದಿ ತೆರೆದಿರುವ ಪ್ಲಾಸ್ಟಿಕ್ ಕನ್ನಡಕ ಸಿಡಿದ ಹನಿಯನ್ನು ತಡೆಯುವುದಿಲ್ಲ.

ಪ್ರಯೋಗ ಮುಗಿದ ಮೇಲೆ ತಟಸ್ಥವಾದ ಆಮ್ಲ-ಕ್ಷಾರ ದ್ರಾವಣವನ್ನು ಸಾಕಷ್ಟು ನೀರಿನೊಂದಿಗೆ ಚರಂಡಿಗೆ ಬಿಡಬಹುದು. ತಾಮ್ರದ ದ್ರಾವಣವನ್ನು ಬಿಡಬಾರದು, ಅದು ಜಲಚರಗಳಿಗೆ ವಿಷ. ಅದರಲ್ಲಿ ಸ್ಟೀಲ್ ವುಲ್ ಅಂದರೆ ಕಬ್ಬಿಣದ ನಾರು ಹಾಕಿಡಿ, ನೀಲಿ ಬಣ್ಣ ಪೂರ್ತಿ ಹೋಗುವವರೆಗೆ. ತಾಮ್ರ ಕೆಂಪಗೆ ಹೊರಬೀಳುತ್ತದೆ, ಸೋಸಿ ತೆಗೆದು ಅಪಾಯಕಾರಿ ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ಸ್ಥಾನಪಲ್ಲಟ ಕ್ರಿಯೆಯ ಪಾಠವೂ ಅಲ್ಲೇ ಆಗುತ್ತದೆ.

ಇನ್ನು ಸೂಕ್ಷ್ಮದರ್ಶಕ. 1200 ಪಟ್ಟು ಎಂಬುದು ಕಣ್ಮಸೂರ, ವಸ್ತುಮಸೂರ, ನಡುವೆ ತೂರಿಸಿದ ಇನ್ನೊಂದು ಮಸೂರ ಇವುಗಳ ಗುಣಲಬ್ಧ ಅಷ್ಟೇ. ಎಷ್ಟು ಸಣ್ಣ ವಿವರ ಬಿಡಿಯಾಗಿ ಕಾಣುತ್ತದೆ ಎಂಬುದನ್ನು ನಿರ್ಧರಿಸುವುದು ವಸ್ತುಮಸೂರದ ನ್ಯೂಮರಿಕಲ್ ಅಪರ್ಚರ್, ಅಂದರೆ ಮಸೂರ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂದು ಹೇಳುವ ಸಂಖ್ಯೆ. 40 ಪಟ್ಟಿನ ಒಳ್ಳೆಯ ವಸ್ತುಮಸೂರಕ್ಕೆ ಅದು 0.65, ಅದರಿಂದ ಸುಮಾರು 0.5 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರ್‌ನ ಸಾವಿರದ ಒಂದು ಭಾಗ) ಅಂತರದ ಎರಡು ಬಿಂದುಗಳು ಬೇರೆಬೇರೆಯಾಗಿ ಕಾಣುತ್ತವೆ. ಉಪಯೋಗಕ್ಕೆ ಬರುವ ಗರಿಷ್ಠ ವರ್ಧನೆ ಆ ಸಂಖ್ಯೆಯ ಸುಮಾರು ಸಾವಿರ ಪಟ್ಟು, ಅಂದರೆ 650. ಅದರಾಚೆ ಮಸುಕೇ ದೊಡ್ಡದಾಗುತ್ತದೆ. ಹಾಗಾಗಿ 40, 100, 400 ಪಟ್ಟು ಕೊಡುವ ಗಾಜಿನ ಮಸೂರಗಳ ಉಪಕರಣ ಕೊಳ್ಳಿ. ವಸ್ತುಮಸೂರದ ಮೈಮೇಲೆ ‘40/0.65’, ಕೆಳಗೆ ‘160/0.17’ ಎಂಬಂಥ ಕೆತ್ತನೆ ಇದೆಯೇ ನೋಡಿ. 160 ಎಂದರೆ ಕೊಳವೆಯ ಉದ್ದ ಮಿಲಿಮೀಟರ್‌ನಲ್ಲಿ, 0.17 ಎಂದರೆ ಮಾದರಿಯ ಮೇಲೆ ಹೊದಿಸುವ ತೆಳು ಗಾಜಾದ ಕವರ್ ಸ್ಲಿಪ್‌ನ ದಪ್ಪ. ಹೊಸ ಬಗೆಯ ಕೆಲವು ಉಪಕರಣಗಳಲ್ಲಿ 160ರ ಜಾಗದಲ್ಲಿ ಅನಂತದ ಚಿಹ್ನೆ ಇರುತ್ತದೆ, ಅದೂ ಸರಿಯೇ. ಏನೂ ಕೆತ್ತಿಲ್ಲದ ಮಸೂರವನ್ನು ನಂಬಬೇಡಿ. ಒರಟು ಮತ್ತು ನವಿರು ಎರಡೂ ಫೋಕಸ್ ತಿರುಪು, ಬೆಳಕು ಹೆಚ್ಚು ಕಡಿಮೆ ಮಾಡುವ ಡಯಾಫ್ರಮ್ ಇರಲೇಬೇಕು.

‘ಏನೂ ಕಾಣುತ್ತಿಲ್ಲ’ ಎಂಬ ದೂರಿಗೆ ಬಹುಪಾಲು ಕಾರಣ ಉಪಕರಣವಲ್ಲ, ಬೆಳಕು ಜಾಸ್ತಿಯಾಗಿರುವುದು. ಡಯಾಫ್ರಮ್ ಕಿರಿದು ಮಾಡಿದರೆ ಈರುಳ್ಳಿ ಪೊರೆಯ ಕೋಶಭಿತ್ತಿ ಎದ್ದು ಕಾಣುತ್ತದೆ. ಪೊರೆ ಮಡಚಿಕೊಂಡಿದ್ದರೆ ಕೋಶಗಳು ಒಂದರ ಮೇಲೊಂದು ಬೀಳುತ್ತವೆ. ಕವರ್ ಸ್ಲಿಪ್ಪನ್ನು ಒಂದು ಅಂಚಿನಿಂದ ಓರೆಯಾಗಿ ಇಳಿಸದಿದ್ದರೆ ಗಾಳಿಗುಳ್ಳೆ ಸಿಕ್ಕಿಕೊಂಡು, ಮಕ್ಕಳು ಅದನ್ನೇ ಕೋಶವೆಂದು ಚಿತ್ರ ಬರೆಯುತ್ತಾರೆ. ಬಣ್ಣಗಳ ವಿಷಯದಲ್ಲಿ ಕಡಿಮೆಯೇ ಸಾಕು: 5 ಮಿ.ಲೀ. ಅಯೋಡಿನ್, ಅಷ್ಟೇ ಮೆಥಿಲೀನ್ ಬ್ಲೂ ವರ್ಷಪೂರ್ತಿ ಬರುತ್ತವೆ. ನಿಮ್ಮ 11ರ ಮಗುವಿಗೆ 10 ಪಟ್ಟಿನ ಕೈಮಸೂರ, ಸಾಧ್ಯವಾದರೆ 20 ಪಟ್ಟಿನ ಸ್ಟೀರಿಯೋ ಸೂಕ್ಷ್ಮದರ್ಶಕ ಇನ್ನೂ ಹೆಚ್ಚು ಖುಷಿ ಕೊಡುತ್ತವೆ. ಇರುವೆಯ ಕಾಲು, ಮರಳಿನ ಕಣ, ಬಟ್ಟೆಯ ನೂಲು ಎಲ್ಲವನ್ನೂ ಸ್ಲೈಡ್ ಮಾಡದೆ ಹಾಗೇ ನೋಡಬಹುದು. ಫಾರ್ಮಲಿನ್‌ನಲ್ಲಿಟ್ಟ ಪ್ರಾಣಿಗಳಿರುವ ಕಿಟ್ ಬೇಕಿಲ್ಲ, ಹೂವು ಮತ್ತು ನೆನೆಸಿದ ಬೀಜ ಬಿಡಿಸಿದರೆ ಈ ವಯಸ್ಸಿಗೆ ಆಯಿತು. ಬ್ಯಾಕ್ಟೀರಿಯಾ ಬೆಳೆಸುವ ಅಗಾರ್ ತಟ್ಟೆಗಳನ್ನೂ ಬಿಡಿ: ಏನು ಬೆಳೆಯಿತೆಂದು ಮನೆಯಲ್ಲಿ ತಿಳಿಯುವುದಿಲ್ಲ, ಮಕ್ಕಳು ಮುಚ್ಚಳ ತೆರೆಯದೆ ಇರುವುದೂ ಇಲ್ಲ.

ಭೌತವಿಜ್ಞಾನಕ್ಕೆ ಬೇಕಾದದ್ದು ಇಷ್ಟು: ಡಿಜಿಟಲ್ ಮಲ್ಟಿಮೀಟರ್, ಕ್ಲಿಪ್ ಇರುವ 10 ತಂತಿ, ಎಎ ಬ್ಯಾಟರಿ ಹೋಲ್ಡರ್, 2.5 ವೋಲ್ಟ್‌ನ ಮೂರು ಬಲ್ಬು, ಕೆಲವು ಎಲ್‌ಇಡಿ ಮತ್ತು ರೋಧಕ, ಎರಡು ದಂಡಕಾಂತ, ದಿಕ್ಸೂಚಿ, ಎನಾಮೆಲ್ ತಂತಿ, 10 ಮತ್ತು 20 ಸೆಂ.ಮೀ. ಸಂಗಮದೂರದ ಪೀನಮಸೂರ, ಗಾಜಿನ ಚಪ್ಪಡಿ, ಪಟ್ಟಕ, ಸ್ಪ್ರಿಂಗ್, 50 ಗ್ರಾಂ ಕೊಕ್ಕೆ ತೂಕಗಳು. ಇವು ಸವೆಯುವುದಿಲ್ಲ, ಇಬ್ಬರಿಗೂ ಹಲವು ವರ್ಷ ಆಗುತ್ತವೆ. ಮಲ್ಟಿಮೀಟರನ್ನು ವಿದ್ಯುತ್ ಪ್ರವಾಹ ಅಳೆಯುವ ಸ್ಥಾನದಲ್ಲಿಟ್ಟು ಬ್ಯಾಟರಿಗೆ ನೇರ ಜೋಡಿಸಿದರೆ ಫ್ಯೂಸ್ ಹೋಗುತ್ತದೆ, ಹಾಗಾಗಿ ಹೆಚ್ಚಿನ ಫ್ಯೂಸ್ ತಂದಿಟ್ಟುಕೊಳ್ಳಿ. 9 ವೋಲ್ಟ್ ಬ್ಯಾಟರಿಗೆ ಕೆಂಪು ಎಲ್‌ಇಡಿ ಜೋಡಿಸುವಾಗ 390 ಅಥವಾ 470 ಓಮ್ ರೋಧಕ ಸರಣಿಯಲ್ಲಿರಲಿ. ದಿಕ್ಸೂಚಿಯನ್ನು ಕಾಂತದ ಪಕ್ಕದಲ್ಲೇ ಇಟ್ಟರೆ ಅದರ ಧ್ರುವಗಳು ಅದಲುಬದಲಾಗಬಹುದು.

ಕಾಲ ಅಳೆಯಲು ಫೋನ್ ಸಾಕು. ಜರ್ಮನಿಯ ಆಖೆನ್ ತಾಂತ್ರಿಕ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಫೋನಿನ ಸಂವೇದಕಗಳನ್ನೇ ಅಳತೆಯ ಉಪಕರಣವಾಗಿಸುತ್ತದೆ. ಆದರೆ ಉಪಕರಣಕ್ಕಿಂತ ವಿಧಾನ ದೊಡ್ಡದು ಎಂಬುದನ್ನು ಲೋಲಕದಲ್ಲಿ ತೋರಿಸಿ. 1 ಮೀಟರ್ ದಾರಕ್ಕೆ ಕಟ್ಟಿದ ನಟ್ಟಿನ ಒಂದು ಆಂದೋಲನಕ್ಕೆ ಸುಮಾರು 2 ಸೆಕೆಂಡ್. ಗುಂಡಿ ಒತ್ತುವಾಗ 0.2 ಸೆಕೆಂಡ್ ಹೆಚ್ಚುಕಡಿಮೆಯಾದರೆ ತಪ್ಪು 10 ಪ್ರತಿಶತ. 20 ಆಂದೋಲನ ಎಣಿಸಿ ಭಾಗಿಸಿದರೆ ಅದೇ ತಪ್ಪು 0.5 ಪ್ರತಿಶತಕ್ಕೆ ಇಳಿಯುತ್ತದೆ.

ಉಳಿಸಿದ ಹಣದಲ್ಲಿ ಮೊದಲು ತಕ್ಕಡಿ ಕೊಳ್ಳಿ. ಕಿಟ್‌ಗಳಲ್ಲಿ ಇರುವುದೇ ಇಲ್ಲ ಅಥವಾ ಆಟಿಕೆಯಂಥದು ಇರುತ್ತದೆ. 200 ಗ್ರಾಂವರೆಗೆ, 0.01 ಗ್ರಾಂ ನಿಖರತೆಯದು ಬೇಕು. 2 ಗ್ರಾಂ ತೂಗುವಾಗ 0.1 ಗ್ರಾಂ ತಕ್ಕಡಿಯ ಒಂದು ಹೆಜ್ಜೆಯೇ 5 ಪ್ರತಿಶತ, ಇದರಲ್ಲಿ 0.5. ಸರಿಹೊಂದಿಸುವ ತೂಕದ ಕಲ್ಲು ಜೊತೆಗಿರಲಿ. ಅಗ್ಗದ ತಕ್ಕಡಿಗಳಲ್ಲಿ ಒಂದು ತೊಂದರೆ ಇದೆ: ಪುಡಿಯನ್ನು ಚಿಟಿಕೆ ಚಿಟಿಕೆಯಾಗಿ ಉದುರಿಸಿದರೆ ಸಂಖ್ಯೆ ಸೊನ್ನೆಯಲ್ಲೇ ನಿಲ್ಲುತ್ತದೆ, ಏಕೆಂದರೆ ಆ ನಿಧಾನದ ಏರಿಕೆಯನ್ನು ತಕ್ಕಡಿ ತನ್ನದೇ ಅಲುಗಾಟವೆಂದು ತಿದ್ದಿಬಿಡುತ್ತದೆ. ಪಾತ್ರೆಯನ್ನು ಎತ್ತಿ, ಹೊರಗೆ ಪುಡಿ ಹಾಕಿ, ಮತ್ತೆ ಇಟ್ಟು ಓದಬೇಕು.

ದೊಡ್ಡ ಮಗು ಮುಂದೆ ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಬರೆಯುವುದಾದರೆ, ಆ ಮಂಡಳಿ ಪ್ರಾಯೋಗಿಕ ಪರೀಕ್ಷೆಯನ್ನು ಹೇಗೆ ನಡೆಸುತ್ತದೆ ಎಂದು ಈಗಲೇ ತಿಳಿದುಕೊಳ್ಳಿ. ಉದಾಹರಣೆಗೆ ಹತ್ತನೇ ತರಗತಿ ಮಟ್ಟದ ಅಂತರರಾಷ್ಟ್ರೀಯ ಪರೀಕ್ಷೆಯಾದ ಕೇಂಬ್ರಿಜ್ ಐಜಿಸಿಎಸ್‌ಇಯ ಭೌತ, ರಸಾಯನ, ಜೀವವಿಜ್ಞಾನಗಳಲ್ಲಿ ಪ್ರಯೋಗಾಲಯದ 5ನೇ ಪತ್ರಿಕೆಯ ಬದಲಿಗೆ ಬರವಣಿಗೆಯ 6ನೇ ಪತ್ರಿಕೆಯ ಆಯ್ಕೆ ಇದೆ. ಅಲ್ಲಿ ಕೇಳುವುದು ಅಳತೆ ಓದುವುದು, ಕೋಷ್ಟಕ ಹಾಕುವುದು, ತಪ್ಪು ಎಲ್ಲಿಂದ ಬಂತೆಂದು ಗುರುತಿಸುವುದು. ಕಿಟ್‌ನೊಂದಿಗೆ ಬರುವ ಪ್ರಮಾಣಪತ್ರ ಯಾವ ಮಂಡಳಿಯಲ್ಲೂ ನಡೆಯುವುದಿಲ್ಲ. ದಿನಾಂಕ ಹಾಕಿ, ಹೊಡೆದುಹಾಕಿದ ಓದುಗಳನ್ನೂ ಹಾಗೇ ಉಳಿಸಿಕೊಂಡ ಪ್ರಯೋಗ ಪುಸ್ತಕ ಈ ಅಭ್ಯಾಸಗಳನ್ನು ಬೆಳೆಸುತ್ತದೆ.

ರಸಾಯನ ಕಿಟ್ ಬಂದ ದಿನವೇ, ಹಿಂದಿರುಗಿಸುವ ಗಡುವು ಮುಗಿಯುವ ಮೊದಲು, ಮಕ್ಕಳಿಲ್ಲದಾಗ ಬಿಚ್ಚಿ. ಮುಚ್ಚಳ ಸೋರಿದೆಯೇ, ತಯಾರಾದ ದಿನಾಂಕ ಹತ್ತಿರದ್ದೇ, ಬ್ಯುರೆಟ್‌ನ ನಲ್ಲಿಯಿಂದ ನೀರು ತೊಟ್ಟಿಕ್ಕುತ್ತದೆಯೇ, ಅಳತೆಯ ಗೆರೆಗಳು ಉಜ್ಜಿದರೆ ಅಳಿಸುತ್ತವೆಯೇ ನೋಡಿ. ಎಲ್ಲ ಸರಿಯಿದ್ದರೆ ಬೀಗ ಹಾಕಬಹುದಾದ, ತಿನ್ನುವ ಪದಾರ್ಥಗಳಿಂದ ದೂರವಿರುವ ಕಪಾಟಿನಲ್ಲಿಡಿ. ಆಮ್ಲ ಒಂದು ಟ್ರೇಯಲ್ಲಿ, ಪೆರಾಕ್ಸೈಡ್ ಮತ್ತು ಪರ್ಮಾಂಗನೇಟ್ ತಲಾ ಬೇರೆ ಟ್ರೇಯಲ್ಲಿ, ಸ್ಪಿರಿಟ್ ಇವೆಲ್ಲವುಗಳಿಂದ ಆಚೆ.